ಪರದೆ ಸರಿದರೆ ತಲೆ ಏಕೆ ಸುತ್ತುತ್ತದೆ?

ಪ್ರಶ್ನೆ: ಕೆಲವು ಜಾಲತಾಣಗಳಲ್ಲಿ ಹಿನ್ನೆಲೆಯ ಚಿತ್ರ ಒಂದು ವೇಗದಲ್ಲೂ ಅಕ್ಷರಗಳು ಇನ್ನೊಂದು ವೇಗದಲ್ಲೂ ಸರಿಯುತ್ತವೆ. ಅದನ್ನು ಸ್ವಲ್ಪ ಹೊತ್ತು ನೋಡಿದರೂ ನನಗೆ ತಲೆಸುತ್ತು, ವಾಕರಿಕೆ ಶುರುವಾಗಿ ಗಂಟೆಗಟ್ಟಲೆ ಉಳಿಯುತ್ತದೆ. ಕಣ್ಣಿನ ಪರೀಕ್ಷೆಯಲ್ಲಿ ದೋಷವೇನೂ ಕಂಡಿಲ್ಲ. ಇದು ಬರಿಯ ಭ್ರಮೆಯೇ?

ಉತ್ತರ: ಖಂಡಿತ ಭ್ರಮೆಯಲ್ಲ. ದೇಹದ ಸಮತೋಲನವನ್ನು ಕಾಯ್ದುಕೊಳ್ಳಲು ಮಿದುಳು ಕಣ್ಣು, ಒಳಕಿವಿ ಹಾಗೂ ಸ್ನಾಯು-ಕೀಲುಗಳಿಂದ ಬರುವ ಸೂಚನೆಗಳನ್ನು ಒಟ್ಟಿಗೆ ತಾಳೆ ನೋಡುತ್ತದೆ. ಪ್ರತಿ ಒಳಕಿವಿಯಲ್ಲೂ ದ್ರವ ತುಂಬಿದ 3 ಅರ್ಧವೃತ್ತಾಕಾರದ ನಾಳಗಳು ತಲೆ ತಿರುಗುವುದನ್ನು ಗ್ರಹಿಸಿದರೆ, 2 ಪುಟ್ಟ ಚೀಲಗಳು ನೇರ ಚಲನೆಯನ್ನೂ ಗುರುತ್ವವನ್ನೂ ಗ್ರಹಿಸುತ್ತವೆ. ಪರದೆಯ ಬಹುಭಾಗ ಒಮ್ಮೆಲೇ ಸರಿದಾಗ, ಪಕ್ಕದ ಹಳಿಯ ರೈಲು ಹೊರಟರೆ ನಮ್ಮ ರೈಲೇ ಚಲಿಸಿದಂತೆ ತೋರುವ ಹಾಗೆ, ನೀವೇ ಚಲಿಸುತ್ತಿದ್ದೀರೆಂದು ಕಣ್ಣು ವರದಿ ಮಾಡುತ್ತದೆ. ಒಳಕಿವಿಯಾದರೋ ಅದನ್ನು ಒಪ್ಪುವುದಿಲ್ಲ. ಹೆಚ್ಚಿನವರ ಮಿದುಳು ಈ ತಕರಾರನ್ನು ಕ್ಷಣದಲ್ಲಿ ಬಗೆಹರಿಸಿಕೊಳ್ಳುತ್ತದೆ. ಆದರೆ ಮೈಗ್ರೇನ್ ಇರುವವರು, ಒಳಕಿವಿಯ ಸೋಂಕಿನಿಂದಲೋ ತಲೆಗೆ ಬಿದ್ದ ಪೆಟ್ಟಿನಿಂದಲೋ ಸಮತೋಲನ ವ್ಯವಸ್ಥೆ ಕುಂದಿದವರು ಕಣ್ಣನ್ನೇ ಅತಿಯಾಗಿ ನೆಚ್ಚಿಕೊಂಡಿರಬಹುದು. ಅಂಥವರಿಗೆ ಪರದೆಯನ್ನು ಮುಚ್ಚಿದ ಮೇಲೂ ಸಂಕಟ ತಕ್ಷಣ ಇಳಿಯುವುದಿಲ್ಲ.

ನಿಮ್ಮಂತೆ ಬಳಲುವವರು ಬೇಕಾದಷ್ಟು ಮಂದಿಯಿದ್ದಾರೆ. 2013ರಲ್ಲಿ ಐಫೋನ್‌ಗೆ ಐಒಎಸ್ 7 ಬಂದಾಗ, ಆ್ಯಪ್ ತೆರೆಯುವಾಗಲೆಲ್ಲ ಪರದೆ ಮುನ್ನುಗ್ಗಿ ಬರುವ ದೃಶ್ಯದಿಂದ ವಾಕರಿಕೆಯಾಗುತ್ತದೆಂದು ಅನೇಕರು ದೂರಿದ್ದರು. ಐಫೋನ್‌ನಲ್ಲಿ ‘ರೆಡ್ಯೂಸ್ ಮೋಷನ್’ (ಚಲನೆ ತಗ್ಗಿಸು) ಎಂಬ ಆಯ್ಕೆಯಿದೆ. ಆಂಡ್ರಾಯ್ಡ್ ಮತ್ತು ವಿಂಡೋಸ್‌ಗಳ ಆ್ಯಕ್ಸೆಸಿಬಿಲಿಟಿ (ಸುಗಮ್ಯತೆ) ವಿಭಾಗದಲ್ಲೂ ಅನಿಮೇಷನ್ ನಿಲ್ಲಿಸುವ ಸೌಲಭ್ಯವುಂಟು. ಒಮ್ಮೆ ಇದನ್ನು ಆರಿಸಿಕೊಂಡರೆ ಬ್ರೌಸರ್ ನಿಮ್ಮ ಇಚ್ಛೆಯನ್ನು ಜಾಲತಾಣಕ್ಕೆ ತಿಳಿಸುತ್ತದೆ, ಆದರೆ ಅದನ್ನು ಪಾಲಿಸುವುದು ತಾಣವನ್ನು ರೂಪಿಸಿದವರ ಕೈಯಲ್ಲಿದೆ. ಅನೇಕರು ಪಾಲಿಸುವುದಿಲ್ಲ. ಕೇವಲ ಅಲಂಕಾರಕ್ಕಾಗಿ ಇಟ್ಟ ಚಲನೆಯನ್ನು ಓದುಗರ ಮೇಲೆ ಹೇರುವುದು, ನನ್ನ ಮಟ್ಟಿಗೆ, ಸಮರ್ಥಿಸಲಾಗದ ನಡೆ. ತಲೆಸುತ್ತು ಮರುಕಳಿಸುತ್ತಿದ್ದರೆ ಕಿವಿ-ಮೂಗು-ಗಂಟಲು ತಜ್ಞರನ್ನಾಗಲಿ ನರರೋಗ ತಜ್ಞರನ್ನಾಗಲಿ ಕಾಣಿರಿ. ಜೊತೆಗೆ ಮಾತು ತೊದಲಿದರೆ, ಎರಡೆರಡು ಕಂಡರೆ ಅಥವಾ ಕಿವಿ ಹಠಾತ್ತನೆ ಕೇಳದಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ನನ್ನ ಮಗಳಿಗೆ ಮೂರ್ಛೆರೋಗವಿದ್ದು, ಮಿನುಗುವ ಬೆಳಕು ಆಗದೆಂದು ವೈದ್ಯರು ಹೇಳಿದ್ದಾರೆ. ಅಂಥ ದೃಶ್ಯ ಎದುರಾದರೆ ಕಣ್ಣು ಮುಚ್ಚಿಕೊಂಡರೆ ಸಾಕೇ?

ಉತ್ತರ: ಸಾಲದು. ಮುಚ್ಚಿದ ರೆಪ್ಪೆಯ ಮೂಲಕವೂ ಮಿನುಗು ಒಳಗೆ ತಲುಪುತ್ತದೆ, ಅದೂ ಕೆಂಪಾಗಿ. ಕಡುಗೆಂಪು ಮಿನುಗಂತೂ ಹೆಚ್ಚು ಅಪಾಯಕಾರಿ. ಅಂಗೈಯಿಂದ ಒಂದು ಕಣ್ಣನ್ನು ಪೂರ್ತಿ ಮುಚ್ಚಿ, ಮುಖವನ್ನು ಮಿನುಗಿನಿಂದ ಬೇರೆಡೆಗೆ ತಿರುಗಿಸುವುದನ್ನು ಅವಳಿಗೆ ರೂಢಿಮಾಡಿಸಿ, ಏಕೆಂದರೆ ಒಂದೇ ಕಣ್ಣಿಗೆ ಬೆಳಕು ಬಿದ್ದಾಗ ಮಿದುಳಿನ ಪ್ರಚೋದನೆ ಬಹಳಷ್ಟು ತಗ್ಗುತ್ತದೆ. ಮೂರ್ಛೆರೋಗ ಇರುವವರಲ್ಲಿ ಬೆಳಕಿನಿಂದ ಸೆಳವು ಬರುವುದು ಸುಮಾರು 3 ಪ್ರತಿಶತ ಮಂದಿಗೆ ಮಾತ್ರ, ಅವರಲ್ಲೂ ಮಕ್ಕಳು ಮತ್ತು ಹದಿಹರೆಯದವರೇ ಹೆಚ್ಚು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಕಾರ್ಯಕ್ರಮದ ಕೆಂಪು-ನೀಲಿ ಮಿನುಗನ್ನು ಕಂಡು ನೂರಾರು ಮಕ್ಕಳು ಆಸ್ಪತ್ರೆ ಸೇರಿದ್ದರು. ಯಾವುದೂ ಒಂದು ಸೆಕೆಂಡಿನಲ್ಲಿ 3ಕ್ಕಿಂತ ಹೆಚ್ಚು ಬಾರಿ ಮಿನುಗಬಾರದೆಂಬುದು ಈಗ ಜಾಲತಾಣಗಳ ಅಂತರರಾಷ್ಟ್ರೀಯ ಸುಗಮ್ಯತಾ ಮಾನದಂಡವಾಗಿದೆ. ಆದರೂ ಮಗಳ ಫೋನಿನಲ್ಲಿ ವಿಡಿಯೊಗಳು ತಾವಾಗಿಯೇ ಆರಂಭವಾಗುವ ಆಯ್ಕೆಯನ್ನು ನಿಲ್ಲಿಸಿಡಿ.