ಕೊಡಗಿನ ಬಲಮುರಿಗೆ ಆ ಹೆಸರು ಹೇಗೆ ಬಂತು?

ಮೂರ್ನಾಡು ಹತ್ರ ಬಲಮುರಿ ಅಂತ ಬೋರ್ಡ್ ನೋಡಿದೆ, ಯಾವ್ದೋ ಯುದ್ಧದಲ್ಲಿ ಯಾರದೋ ಬಲ ಮುರಿದಿದ್ದಕ್ಕೆ ಈ ಹೆಸರು ಬಂತಾ ಅಂತ ಕೇಳಿದೀರಿ. ಅಲ್ಲ. ನಮ್ಮವ್ವನ ತವರು ಆ ಕಡೆನೇ, ಅದಕ್ಕೆ ಹೇಳ್ತಿದೀನಿ.

ಇಲ್ಲಿ ಬಲ ಅಂದ್ರೆ ಬಲಗಡೆ, ಮುರಿ ಅಂದ್ರೆ ತಿರುವು. ಹಳ್ಳಿ ಕಡೆ ರಸ್ತೆ ತಿರುವಿಗೆ ಮುರ್ಕಿ ಅಂತಾರಲ್ಲ, ಆ ಜಾತಿಯ ಮಾತು. ಬಲಮುರಿ ಗಣಪತಿ ಅಂದ್ರೆ ಸೊಂಡಿಲು ಬಲಕ್ಕೆ ತಿರುಗಿರೋ ಗಣಪತಿ, ಬಲಮುರಿ ಶಂಖನೂ ಹಾಗೇ. ಈ ಊರಲ್ಲಿ ಬಲಕ್ಕೆ ತಿರುಗಿದ್ದು ಕಾವೇರಿ. ಕೊಡವ ತಕ್ಕಲ್ಲಿ, ಅಂದ್ರೆ ಕೊಡವ ಭಾಷೆಲಿ, ಬಲಂಬುರಿ ಅಂತೀವಿ.

ಇದರ ಕಥೆ ನಂಗೆ ಹೇಳಿದ್ದು ನಮ್ಮಜ್ಜಿ, ಮೊದಲನೇ ಸಲ ಕೊಡವ ಸೀರೆ ಉಡಿಸುವಾಗ. ನೆರಿಗೆ ಯಾಕೆ ಹಿಂದೆ ಅಂತ ಕೇಳಿದ್ದೆ. ಕಾವೇರಿ ಅಗಸ್ತ್ಯರನ್ನ ಮದುವೆ ಆಗುವಾಗ ನನ್ನನ್ನ ಒಂಟಿಯಾಗಿ ಬಿಟ್ಟು ಹೋಗಬಾರದು ಅಂತ ಷರತ್ತು ಹಾಕಿದ್ದಳಂತೆ, ಒಂದಿನ ಅವರು ಅವಳನ್ನ ಕಮಂಡಲದಲ್ಲಿ ಇಟ್ಟು ಶಿಷ್ಯರನ್ನ ಕಾವಲಿಗೆ ಬಿಟ್ಟು ಸ್ನಾನಕ್ಕೆ ಹೋದ್ರು, ಅವಳು ನೀರಾಗಿ ಹರಿದು ಹೊರಟೇಬಿಟ್ಟಳು. ಭಾಗಮಂಡಲ ದಾಟಿ ಬರ್ತಿದ್ದಾಗ ಕೊಡವರೆಲ್ಲ ಬಲಮುರಿಲಿ ಸೇರಿ ನಮ್ಮನ್ನ ಬಿಟ್ಟು ಹೋಗಬೇಡ ತಾಯಿ ಅಂತ ಅಡ್ಡ ನಿಂತ್ರು. ಅವಳು ನಿಲ್ಲಲಿಲ್ಲ, ಬಲಕ್ಕೆ ತಿರುಗಿ ಮುಂದೆ ಹೋದಳು, ಆ ನೀರಿನ ರಭಸಕ್ಕೆ ಹೆಂಗಸರ ಸೀರೆ ನೆರಿಗೆ ಮುಂದಿಂದ ಹಿಂದಕ್ಕೆ ಸರಿದುಬಿಡ್ತು. ಅವತ್ತಿಂದ ನಾವು ನೆರಿಗೆ ಹಿಂದೆನೇ ಇಡೋದು, ಸೆರಗು ಬಲ ಭುಜದ ಮೇಲೆ. ಪುರಾಣ ಅಂತ ಗೊತ್ತು, ಆದ್ರೂ ಪ್ರತಿ ಸಲ ಸೀರೆ ಉಡುವಾಗ ನಂಗೆ ಆ ಹೊಳೆನೇ ನೆನಪಾಗುತ್ತೆ. ಒಂದು ಊರಿನ ಹೆಸರು ನಮ್ಮ ಮೈಮೇಲಿನ ಬಟ್ಟೆ ತನಕ ಬಂದಿರೋದು ಸಣ್ಣ ವಿಷ್ಯ ಅಲ್ಲ.

ಇನ್ನೊಂದು, ಮ್ಯಾಪಲ್ಲಿ ಬರೀ ಬಲಮುರಿ ಅಂತ ಹುಡುಕಿದ್ರೆ ಕೆಆರ್‌ಎಸ್ ಹತ್ರ ಇರೋ ಬಲಮುರಿ ಸಿಗಬಹುದು, ಮಂಡ್ಯ ಜಿಲ್ಲೆದು, ಚಿಕ್ಕ ಅಣೆಕಟ್ಟೆ ಮೇಲಿಂದ ನೀರು ಬೀಳುತ್ತಲ್ಲ ಅದು. ಅದೂ ಕಾವೇರಿನೇ, ಪಕ್ಕದಲ್ಲೇ ಎಡಮುರಿನೂ ಇದೆ, ಅಂದ್ರೆ ಮುರಿ ಅನ್ನೋದು ತಿರುವೇ ಅನ್ನೋದಕ್ಕೆ ಇನ್ನೊಂದು ಸಾಕ್ಷಿ. ಆದ್ರೆ ನಮ್ಮೂರು ಬೇರೆ.

ನಮ್ಮದು ಗದ್ದೆ, ಕಾಫಿ ತೋಟ, ಹೊಳೆ, ಕಣ್ವ ಮುನೀಶ್ವರ ದೇವಸ್ಥಾನ, ಅಗಸ್ತ್ಯೇಶ್ವರ ದೇವಸ್ಥಾನ, ಅಷ್ಟೇ ಇರೋ ಚಿಕ್ಕ ಜಾಗ. ಅಕ್ಟೋಬರ್ 17ರ ಆಸುಪಾಸು ತುಲಾ ಸಂಕ್ರಮಣಕ್ಕೆ ತಲಕಾವೇರಿಲಿ ತೀರ್ಥೋದ್ಭವ ಆದ್ಮೇಲೆ ಇಲ್ಲಿ ಜಾತ್ರೆ, ಜನ ಬಂದು ಹೊಳೆಲಿ ಮುಳುಗಿ ಹಿರಿಯರಿಗೆ ಪಿಂಡ ಇಡ್ತಾರೆ. ಬರೋದಾದ್ರೆ ಆಗ ಬನ್ನಿ, ಜೋರು ಮಳೆಗಾಲದಲ್ಲಿ ಬೇಡ, ಹೊಳೆ ಗದ್ದೆಗೆಲ್ಲ ನುಗ್ಗಿರುತ್ತೆ.