ಹೊಸ ಬ್ಲೆಂಡರ್ ಬೇಡ ಮೇಡಂ, ಹಳೇ ಮಿಕ್ಸಿಯಲ್ಲೇ ಶೇಕ್ ನುಣ್ಣಗಾಗುತ್ತದೆ

ಮೇಡಂ, ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲೂ ಇದೇ ಗೋಳು. ನಿಮ್ಮಲ್ಲಿ ಮಗ, ನಮ್ಮಲ್ಲಿ ಮಗಳು, ಅಷ್ಟೇ ವ್ಯತ್ಯಾಸ. ಹಾಲು, ಮೊಸರು, ತುಪ್ಪ ಎಲ್ಲ ಬಿಟ್ಟಿದ್ದಾನೆ, ಬೆಳಿಗ್ಗೆ ಪ್ರೋಟೀನ್ ಶೇಕ್ ಬೇಕು ಅನ್ನುತ್ತಾನೆ, ಹುರಿಗಡಲೆ, ಬಾದಾಮಿ, ಓಟ್ಸ್, ಬಾಳೆಹಣ್ಣು, ಬೆಲ್ಲ ಹಾಕಿ ತಿರುಗಿಸಿದರೆ ಮರಳು ಕುಡಿದ ಹಾಗಿರುತ್ತದೆ, ಸೋಯಾ ಹಾಲು ಹಾಕಿದರೆ ಹಸಿ ವಾಸನೆ, ದುಬಾರಿ ಬ್ಲೆಂಡರ್ ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ದುಡ್ಡು ಇಟ್ಟುಕೊಳ್ಳಿ. ತಪ್ಪು ಮಿಕ್ಸಿಯದ್ದಲ್ಲ. ಹಿಂದಿನ ರಾತ್ರಿ ಐದು ನಿಮಿಷದ ಕೆಲಸ ಬಾಕಿ ಉಳಿದಿದೆ.

ಮೊದಲು ಹುರಿಗಡಲೆ. ಇಡೀ ಕಾಳನ್ನು ದ್ರವದ ಜೊತೆ ಹಾಕಿದರೆ ಅದು ಎಷ್ಟು ತಿರುಗಿಸಿದರೂ ನುಣ್ಣಗಾಗುವುದಿಲ್ಲ. ಬ್ಲೇಡಿಗೆ ಸಿಗದೆ ನೀರಲ್ಲಿ ಓಡಾಡುತ್ತದೆ, ರವೆಯಾಗಿ ನಿಲ್ಲುತ್ತದೆ. ಒಣಗಿದ ಚಟ್ನಿ ಜಾರಿನಲ್ಲಿ ಪುಡಿ ಮಾಡಿಟ್ಟುಕೊಳ್ಳಿ. ನನ್ನ ಅಳತೆ ನಾಲ್ಕು ಬಟ್ಟಲು ಹುರಿಗಡಲೆ, ಒಂದು ಬಟ್ಟಲು ಹುರಿದು ಸಿಪ್ಪೆ ತೆಗೆದ ಕಡಲೆಬೀಜ, ಎರಡು ಚಮಚ ಹುರಿದ ಬಿಳಿ ಎಳ್ಳು. ಕಡಲೆಬೀಜವನ್ನು ಒಂದೇ ಹಾಕಿ ರುಬ್ಬಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಹುರಿಗಡಲೆ ಜೊತೆ ಹಾಕಿದರೆ ಆ ಎಣ್ಣೆಯನ್ನು ಅದು ಎಳೆದುಕೊಳ್ಳುತ್ತದೆ. ಒಂದೇ ಸಮ ಓಡಿಸಬೇಡಿ, ಬಿಟ್ಟು ಬಿಟ್ಟು ತಿರುಗಿಸಿ. ಆಮೇಲೆ ಮೈದಾ ಜರಡಿಯಲ್ಲಿ ಜರಡಿ ಹಿಡಿಯಿರಿ, ಮೇಲೆ ಉಳಿದ ತರಿಯನ್ನು ಮತ್ತೆ ಜಾರಿಗೆ ಹಾಕಿ. ಚಿಟಿಕೆ ಪುಡಿ ನಾಲಿಗೆ ಮೇಲಿಟ್ಟು ಅಂಗುಳಿಗೆ ಒತ್ತಿ ನೋಡಿ. ಅಲ್ಲಿ ತರಿ ಸಿಕ್ಕರೆ ಲೋಟದಲ್ಲೂ ಸಿಗುತ್ತದೆ. ಒಂದು ವಾರಕ್ಕಾಗುವಷ್ಟು ಮಾತ್ರ ಮಾಡಿ, ಕಡಲೆಬೀಜ ಇರುವುದರಿಂದ ಜಾಸ್ತಿ ದಿನ ಇಟ್ಟರೆ ಕಮಟು ಬರುತ್ತದೆ.

ಬಾದಾಮಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಿಪ್ಪೆ ಸುಲಿಯಿರಿ. ಆ ಕಂದು ಸಿಪ್ಪೆಯೇ ಗಂಟಲಿಗೆ ಅಂಟುವುದು. ಓಟ್ಸ್ ನಾನು ಬಿಟ್ಟೇಬಿಟ್ಟೆ, ಅದರ ಬದಲು ಒಂದು ಚಮಚ ರಾಗಿ ಹುರಿಹಿಟ್ಟು ಹಾಕುತ್ತೇನೆ. ಮನೆಯಲ್ಲಿ ಮಾಡಿದ ಸೋಯಾ ಹಾಲಿನಲ್ಲಿ ಸುಣ್ಣದಂಶ ಕಡಿಮೆ, ರಾಗಿಯಲ್ಲಿ ಧಾರಾಳ. ಹಸಿ ರಾಗಿಹಿಟ್ಟು ಹಾಕಬೇಡಿ, ಹಸಿ ರುಚಿ ಬರುತ್ತದೆ.

ಬೆಲ್ಲದ ಬಗ್ಗೆ ಯಾರೂ ಹೇಳಿರಲಿಲ್ಲ, ನಾನೇ ಸಿಕ್ಕಿಬಿದ್ದು ಕಲಿತದ್ದು. ಹದಿನೈದು ದಿನ ಹುರಿಗಡಲೆಯನ್ನು ಬೈದುಕೊಂಡೆ. ಒಂದು ದಿನ ಬೆಲ್ಲವನ್ನು ಬಿಸಿನೀರಲ್ಲಿ ಕರಗಿಸಿ ಸೋಸಿದಾಗ ತಳದಲ್ಲಿ ನಿಜವಾದ ಮರಳೇ ಇತ್ತು! ಈಗ ಬೆಲ್ಲ ಹಾಕುವುದಾದರೆ ಕರಗಿಸಿ ಸೋಸಿಯೇ. ಇಲ್ಲವಾದರೆ ಬೀಜ ತೆಗೆದ ಎರಡು ಖರ್ಜೂರ, ಬಾದಾಮಿ ಜೊತೆಯಲ್ಲೇ ನೆನೆಹಾಕಿದರಾಯಿತು.

ಇನ್ನು ಸೋಯಾ. ಕಾಳು ನೀರಿನಲ್ಲಿ ನೆನೆದು ಅರೆಯುವಾಗ ಅದರೊಳಗಿನ ಒಂದು ಕಿಣ್ವ ಕೆಲಸ ಶುರು ಮಾಡುತ್ತದೆ, ಹಸಿ ವಾಸನೆ ಅಲ್ಲಿಂದ ಬರುವುದು. ಅರೆದ ಮೇಲೆ ಎಷ್ಟು ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಅರೆಯುವ ಮೊದಲೇ ಆ ಕಿಣ್ವವನ್ನು ಕೊಲ್ಲಬೇಕು. 100 ಗ್ರಾಂ ಸೋಯಾಕಾಳು ರಾತ್ರಿ ನೆನೆಹಾಕಿ, 8ರಿಂದ 10 ಗಂಟೆ. ಬೆಳಿಗ್ಗೆ ನೀರು ಚೆಲ್ಲಿ, ಕಾಳನ್ನು ತಳಮಳ ಕುದಿಯುವ ನೀರಿಗೆ ಚಿಟಿಕೆ ಅಡುಗೆ ಸೋಡಾ ಜೊತೆ ಹಾಕಿ, ಐದು ನಿಮಿಷ ಬಿಡಿ. ಬಸಿದು, ತಣ್ಣೀರಲ್ಲಿ ಕೈಯಿಂದ ಉಜ್ಜಿ. ಅವರೆಕಾಳು ಹಿಸುಕಿದ ಹಾಗೆ ಸಿಪ್ಪೆ ಬಿಟ್ಟುಕೊಂಡು ಮೇಲೆ ತೇಲುತ್ತದೆ, ಚೆಲ್ಲಿಬಿಡಿ. ಎಲ್ಲ ಸಿಪ್ಪೆಯೂ ಹೋಗಬೇಕೆಂದಿಲ್ಲ. ಆಮೇಲೆ ಮುಕ್ಕಾಲು ಲೀಟರ್ ನೀರಿನಲ್ಲಿ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ. ಕಾಳು ಬಿಸಿ ಇರುವಾಗ ಮಾತ್ರ ಜಾರಿಗೆ ಹಾಕಬೇಡಿ. ನಾನು ಅವಸರಕ್ಕೆ ಹಾಕಿ ಮುಚ್ಚಳ ಹಾರಿ, ಅಡುಗೆಮನೆ ಸೂರಿನಲ್ಲಿ ಇವತ್ತಿಗೂ ಒಂದು ಕಲೆ ಇದೆ.

ಹಿಂಡಿದ ಹಾಲನ್ನು 15-20 ನಿಮಿಷ ಕುದಿಸಲೇಬೇಕು. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶವಿದೆ, ಕುದಿಸಿದರೆ ಅದು ಹೋಗುತ್ತದೆ. ಕುದಿ ಬರುವ ಮೊದಲೇ ನೊರೆ ಉಕ್ಕುತ್ತದೆ, ಅದನ್ನು ನೋಡಿ ಆಯಿತು ಅಂತ ಒಲೆ ಆರಿಸಬೇಡಿ. ತಳ ಹಿಡಿಯುತ್ತದೆ, ಸೌಟು ಆಡಿಸುತ್ತಿರಿ. ಫ್ರಿಜ್‌ನಲ್ಲಿ ಮೂರು ದಿನ ಇಡಬಹುದು. ಬಟ್ಟೆಯಲ್ಲಿ ಉಳಿದ ಗಷ್ಟನ್ನು ನಾನು ಅಕ್ಕಿರೊಟ್ಟಿ ಹಿಟ್ಟಿಗೆ ಸೇರಿಸುತ್ತೇನೆ, ಈರುಳ್ಳಿ ಸಬ್ಬಸಿಗೆ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಚೆನ್ನಾಗಿ ಬೇಯಿಸಿ ಅಷ್ಟೇ.

ಈಗ ಜಾರಿಗೆ ಹಾಕುವ ಕ್ರಮ. ರಾಗಿ ಅಂಬಲಿಗೆ ಹಿಟ್ಟನ್ನು ಮೊದಲು ತಣ್ಣೀರಲ್ಲಿ ಕದಡಿಕೊಳ್ಳುತ್ತೇವೆ, ಅಲ್ವಾ? ಇಲ್ಲೂ ಅದೇ. ಅರ್ಧ ಲೋಟ ತಣ್ಣನೆಯ ಸೋಯಾ ಹಾಲು ಮೊದಲು ಜಾರಿಗೆ. ಅದರ ಮೇಲೆ ಪುಡಿ ಮೂರು ದೊಡ್ಡ ಚಮಚ, ಹುರಿಹಿಟ್ಟು ಒಂದು ಚಮಚ. ಪುಡಿ ಮೊದಲು ಹಾಕಿದರೆ ಬ್ಲೇಡಿನ ಕೆಳಗೆ ಅಂಟಿಕೊಂಡು ಕೂರುತ್ತದೆ. ಒಂದು ಸುತ್ತು ತಿರುಗಿಸಿ, ಐದು ನಿಮಿಷ ಸುಮ್ನೆ ಬಿಡಿ. ಹಿಟ್ಟು ನೀರು ಕುಡಿದು ಉಬ್ಬಲಿ. ಈ ಐದು ನಿಮಿಷ ಕಾಯದವರೇ ಜಾಸ್ತಿ. ಆಮೇಲೆ ಬಾದಾಮಿ, ಖರ್ಜೂರ ಹಾಕಿ ಗಟ್ಟಿಯಾಗಿರುವಾಗಲೇ ರುಬ್ಬಿ. ಗಟ್ಟಿ ಇದ್ದರೆ ಬ್ಲೇಡಿಗೆ ಸಿಗುತ್ತದೆ. ನುಣ್ಣಗಾದ ಮೇಲೆ ಬಾಳೆಹಣ್ಣು, ಉಳಿದ ಒಂದು ಲೋಟ ಹಾಲು, ಚಿಟಿಕೆ ಉಪ್ಪು, ಏಲಕ್ಕಿ. ಉಪ್ಪು ಬಿಡಬೇಡಿ, ಹುರಿಗಡಲೆಯ ಸಪ್ಪೆ ಅದರಿಂದಲೇ ಹೋಗುವುದು.

ಬಾಳೆಹಣ್ಣು ಸಿಪ್ಪೆ ಮೇಲೆ ಕಪ್ಪು ಚುಕ್ಕಿ ಬಂದಿರಬೇಕು. ಬಿಲ್ಲೆ ಮಾಡಿ ಡಬ್ಬಿಯಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ. ಹಾಗೆ ಗಟ್ಟಿಯಾದ ಹಣ್ಣು ಹಾಕಿದರೆ ಐಸ್‌ಕ್ರೀಮ್ ಕರಗಿದ ಹದ ಬರುತ್ತದೆ, ಐಸ್ ಬೇಕಾಗುವುದಿಲ್ಲ. ನಮ್ಮ ಮಿಕ್ಸಿಗೆ ಏಲಕ್ಕಿ ಬಾಳೆ ಸುಲಭ, ಎರಡು ಸಾಕು. ಅಗಸೆ ಬೀಜ, ಚಿಯಾ ಹಾಕುವ ಆಸೆ ಇದ್ದರೆ ಒಂದು ಚಮಚಕ್ಕೆ ನಿಲ್ಲಿಸಿ. ಎರಡಾದರೆ ಲೋಳೆ.

ಪ್ರೋಟೀನ್ ಲೆಕ್ಕ ಕೇಳಿದ್ದೀರಲ್ಲ, ಇದರಲ್ಲಿ ಅಂದಾಜು 15-16 ಗ್ರಾಂ ಸಿಗುತ್ತದೆ. ಒಂದು ದೊಡ್ಡ ಲೋಟ ಹಸುವಿನ ಹಾಲಿನಲ್ಲಿ 8 ಗ್ರಾಂ. ಬೇಳೆಕಾಳಿನ ಪ್ರೋಟೀನಿನಲ್ಲಿ ಕಡಿಮೆ ಇರುವುದನ್ನು ಎಳ್ಳು ಸ್ವಲ್ಪ ಮಟ್ಟಿಗೆ ತುಂಬಿಕೊಡುತ್ತದೆ, ಅದಕ್ಕೇ ಆ ಎರಡು ಚಮಚ. ಇನ್ನೂ ಜಾಸ್ತಿ ಬೇಕೆಂದು ಮಗ ಹಟ ಹಿಡಿದರೆ ಬಟಾಣಿ ಪ್ರೋಟೀನ್ ಪುಡಿಯನ್ನು ಅದರ ಜೊತೆ ಬರುವ ಅಳತೆ ಚಮಚದಲ್ಲಿ ಅರ್ಧ ಸೇರಿಸಿ. ಅಕ್ಕಿ ಪ್ರೋಟೀನ್ ಪುಡಿ ಅದಕ್ಕಿಂತ ತರಿತರಿ. ಪ್ಯಾಕೆಟ್ ಕೊಳ್ಳುವಾಗ ಹಸಿರು ಚುಕ್ಕೆ ನೋಡಿ ತರಬೇಡಿ, ಹಾಲಿನ ಪುಡಿ ಇದ್ದರೂ ಚುಕ್ಕೆ ಹಸಿರೇ. ವ್ಹೇ ಅಂದರೆ ಹಾಲಿನದ್ದೇ. ಪದಾರ್ಥಗಳ ಪಟ್ಟಿ ಓದಿ. ಬಿ12 ಮಾತ್ರ ಈ ಯಾವುದರಲ್ಲೂ ನೆಚ್ಚಿಕೊಳ್ಳುವಷ್ಟು ಸಿಗುವುದಿಲ್ಲ, ಅದಕ್ಕೆ ಡಾಕ್ಟರ್ ಹತ್ತಿರ ಮಾತ್ರೆ ಕೇಳಲಿ.

ಮೊದಲ ವಾರ ಪುಡಿ ಒಂದೂವರೆ ಚಮಚ ಸಾಕು. ಒಮ್ಮೆಲೇ ಮೂರು ಕೊಟ್ಟರೆ ಹೊಟ್ಟೆ ಉಬ್ಬರ ಗ್ಯಾರಂಟಿ. ಮಾಡಿದ ತಕ್ಷಣ ಕುಡಿಯಲಿ, ಒಂದು ಗಂಟೆ ಬಿಟ್ಟರೆ ದೋಸೆಹಿಟ್ಟಿನ ಹದಕ್ಕೆ ಬರುತ್ತದೆ. ಜಾರನ್ನೂ ಆಗಲೇ ನೀರು ಹಾಕಿಡಲು ಹೇಳಿ ಮೇಡಂ. ಒಣಗಿದರೆ ಉಜ್ಜುವವರು ನೀವೇ, ಅವನಲ್ಲ.