ಒಬ್ಬ ಡಾಕ್ಟರ್ ಅನೊರೆಕ್ಸಿಯಾ ಅಂದರು, ಇನ್ನೊಬ್ಬರು ಅಲ್ಲ ಅಂದರು. ಯಾರನ್ನು ನಂಬಲಿ?

ನಿಮ್ಮ ತಂಗಿ ಆರು ತಿಂಗಳಲ್ಲಿ 16 ಕೆಜಿ ಇಳಿದಿದ್ದಾಳೆ. ಮೊದಲ ಮನೋವೈದ್ಯರು ಅನೊರೆಕ್ಸಿಯಾ (ಊಟ ತೀರಾ ಕಡಿಮೆ ಮಾಡಿ ತೂಕ ಇಳಿಸುತ್ತಲೇ ಹೋಗುವ ಮಾನಸಿಕ ಕಾಯಿಲೆ) ಅಂದರು, ಎರಡನೆಯವರು 'ತೂಕ ಸರಿಯಾಗೇ ಇದೆ, ಅದಲ್ಲ' ಅಂದರು ಅಂತ ಬರೆದಿದ್ದೀರಿ. ನಾನೂ ಇದೇ ಗೊಂದಲದಲ್ಲಿ ಎರಡು ವರ್ಷ ಕಳೆದವಳು.

ಮೊದಲು ಗ್ಯಾಸ್ಟ್ರಿಕ್ ಅಂತ ಎಂಡೋಸ್ಕೋಪಿ ಮಾಡಿದರು. ಆಮೇಲೆ ಥೈರಾಯ್ಡ್ ಅಂದರು, ಆಮೇಲೆ ಡಿಪ್ರೆಶನ್. ತಪ್ಪೆಲ್ಲ ಅವರದ್ದೇ ಅಲ್ಲ, ನಾನು ಯಾರಿಗೂ ನಿಜ ಹೇಳುತ್ತಿರಲಿಲ್ಲ. ಅಮ್ಮ ಕಟ್ಟಿಕೊಟ್ಟ ಚಪಾತಿಯನ್ನು ಬಸ್ ಸ್ಟಾಪಿನ ಕಂದು ನಾಯಿಗೆ ಹಾಕುತ್ತಿದ್ದೆ. ಅದು ನನ್ನ ಡಬ್ಬಿಯ ಸದ್ದಿಗೇ ಓಡಿ ಬರುತ್ತಿತ್ತು. ಸೋಮವಾರ, ಗುರುವಾರ, ಶನಿವಾರ ಉಪವಾಸ ಅಂದರೆ ಮನೆಯಲ್ಲಿ ಭಕ್ತಿ ಅಂದುಕೊಂಡರು. ಡಾಕ್ಟರು 'ದಪ್ಪ ಆಗ್ತೀನಿ ಅಂತ ಭಯಾನಾ?' ಅಂತ ಕೇಳಿದರೆ 'ಇಲ್ಲ ಡಾಕ್ಟ್ರೇ, ಹೊಟ್ಟೆ ಭಾರ' ಅನ್ನುತ್ತಿದ್ದೆ. ಅದು ಪೂರ್ತಿ ಸುಳ್ಳೂ ಅಲ್ಲ. ಹಾಂಗ್‌ಕಾಂಗ್‌ನಲ್ಲಿ 1990ರ ದಶಕದಲ್ಲಿ ಸಿಂಗ್ ಲೀ ಎಂಬ ಮನೋವೈದ್ಯರು ಇಂಥವರ ಬಗ್ಗೆಯೇ ಬರೆದಿದ್ದರು. ತೀರಾ ಬಡಕಲಾಗಿದ್ದರೂ ಅವರಲ್ಲಿ ಹಲವರು ದಪ್ಪಗಾಗುವ ಭಯ ಹೇಳಿಕೊಳ್ಳುತ್ತಿರಲಿಲ್ಲ, ಹೊಟ್ಟೆ ಉಬ್ಬರ ಅನ್ನುತ್ತಿದ್ದರು.

ಈ ಕಾಯಿಲೆಯನ್ನು ಇದೇ ಅಂತ ತೋರಿಸುವ ರಕ್ತಪರೀಕ್ಷೆ ಇಲ್ಲ. ರೋಗಿ ಹೇಳಿದ್ದು, ಮನೆಯವರು ಕಂಡಿದ್ದು, ತೂಕ, ಇಷ್ಟರ ಮೇಲೇ ನಿರ್ಧಾರ. ಆ ನಿಯಮಗಳೂ ಬದಲಾಗುತ್ತವೆ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ ಪ್ರಕಾರ ಮೊದಲು ಅನೊರೆಕ್ಸಿಯಾ ಅನ್ನಲು ಮೂರು ತಿಂಗಳು ಮುಟ್ಟು ನಿಂತಿರಬೇಕಿತ್ತು. 2013ರ ಐದನೇ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟರು. ಅಂದರೆ ಮುಟ್ಟು ನಿಲ್ಲದ ಹುಡುಗಿಗೆ 2012ರಲ್ಲಿ ಆ ಹೆಸರು ಸಿಗುತ್ತಿರಲಿಲ್ಲ! ತುಂಬಾ ತೂಕ ಇಳಿದರೂ ಇನ್ನೂ ಸಾಮಾನ್ಯ ತೂಕದಲ್ಲೇ ಇರುವವರಿಗೆ ಅದೇ ಆವೃತ್ತಿಯಲ್ಲಿ 'ಎಟಿಪಿಕಲ್ ಅನೊರೆಕ್ಸಿಯಾ', ಅಂದರೆ ಮಾಮೂಲಿಗಿಂತ ಬೇರೆ ಬಗೆಯ ಅನೊರೆಕ್ಸಿಯಾ ಅನ್ನುವ ಹೆಸರಿದೆ. ನಿಮ್ಮ ತಂಗಿಗೆ ಇದೇ ಇರಬಹುದಾ ಅಂತ ಕೇಳಿ ನೋಡಿ. ಆಗ ಇಬ್ಬರು ಡಾಕ್ಟರ ಮಾತಿನಲ್ಲೂ ಅರ್ಧರ್ಧ ನಿಜ ಇದೆ.

ಊಟಕ್ಕೆ ಸಂಬಂಧಿಸಿದ ಇಂಥ ಕಾಯಿಲೆಗಳ ಸುಳಿವು ಹುಡುಕಲು ಆನ್‌ಲೈನಲ್ಲಿ ಸಿಗುವ ಸ್ಕಾಫ್ ಎಂಬ ಐದು ಪ್ರಶ್ನೆಗಳಿಂದ ಅನುಮಾನ ಪಡಬಹುದು ಅಷ್ಟೇ, ತೀರ್ಮಾನ ಮಾಡೋಕಾಗಲ್ಲ.

ದಯವಿಟ್ಟು ಹೆಸರು ಖಚಿತವಾಗಲಿ ಅಂತ ಕಾಯಬೇಡಿ. ತೂಕ ಸರಿ ಇದ್ದರೂ ಹೃದಯಕ್ಕೆ ತೊಂದರೆ ಆಗಬಹುದು. ನಾಡಿ, ಬಿಪಿ, ಇಸಿಜಿ, ರಕ್ತದಲ್ಲಿ ಪೊಟ್ಯಾಸಿಯಂ ಈ ವಾರವೇ ನೋಡಿಸಿ. ತಲೆಸುತ್ತಿ ಬಿದ್ದರೆ ನೇರ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಅವಳೊಬ್ಬಳೇ ಮಾತಾಡಲು ಬಿಡಿ, ನೀವು ಕಂಡಿದ್ದನ್ನು ಬೇರೆಯಾಗಿ ಹೇಳಿ. ನನಗೂ ಹಾಗೇ ಆಗಿದ್ದು. ಕೊನೆಯ ಡಾಕ್ಟರ್ ಅಮ್ಮನನ್ನು ಹೊರಗೆ ಕೂರಿಸಿ, 'ನಿನ್ನೆ ಬೆಳಿಗ್ಗೆಯಿಂದ ಏನೇನು ತಿಂದೆ, ನಿಧಾನಕ್ಕೆ ಹೇಳಮ್ಮಾ' ಅಂದು ಪೆನ್ನು ಕೆಳಗಿಟ್ಟರು. ತುಂಬಾ ಹೊತ್ತು ಸುಮ್ಮನಿದ್ದೆ. ಆಮೇಲೆ ನಾಯಿಯ ವಿಷಯ ಹೇಳಿದೆ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಅವಳು ಒಪ್ಪದಿದ್ದರೆ ಮೊದಲು ನೀವೇ ಮಾಡಿ.